ಎಷ್ಟು ಬರೆಸಲಿ?

ಮನೆಯಲ್ಲಿ ದ್ವಿತೀಯ ಪಿಯುಸಿ ಓದುವ ಮಗುವಿದ್ದರೆ ದೀಪಾವಳಿ ಕಳೆದದ್ದೇ ತಡ, ಮಾತೆಲ್ಲ ಪಾಠ ಬಿಟ್ಟು ಕಾಗದಪತ್ರದ ಕಡೆಗೆ ಹೊರಳುತ್ತದೆ. ಬೋರ್ಡ್ ಪರೀಕ್ಷೆ ಮಾರ್ಚಿಗೆ, ಸಿಇಟಿ ಏಪ್ರಿಲ್‌ಗೆ. ಅರ್ಜಿಯನ್ನು ಮಾತ್ರ ಜನವರಿ, ಫೆಬ್ರವರಿಯಲ್ಲೇ ಹಾಕಿರಬೇಕು. ಅದಕ್ಕೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ವ್ಯಾಸಂಗದ ಪತ್ರ ಬೇಕು, ಅದಕ್ಕೆ ಬಿಇಒ ಮೇಲುಸಹಿ ಬೇಕು. ಕನ್ನಡ ಮಾಧ್ಯಮವಾದರೆ ಅದಕ್ಕೆ ಬೇರೆಯೇ ಪತ್ರ. ಆಮೇಲೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ. ಅಲ್ಲಿ ಆಧಾರ್ ಬ್ಯಾಂಕಿಗೆ ಲಿಂಕ್ ಆಗಿರಬೇಕು, ಓಟಿಪಿ ಬರುವ ಫೋನು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿರಬಾರದು. ಆಧಾರ್‌ನಲ್ಲಿ ಬರೀ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ಲು. ಇಷ್ಟು ಸಾಕು, ಕಂಪ್ಯೂಟರಿನ ಲೆಕ್ಕದಲ್ಲಿ ಒಬ್ಬಳೇ ಹುಡುಗಿ ಇಬ್ಬರಾಗುತ್ತಾಳೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿದ್ದು 2025ರ ಮೇ ತಿಂಗಳಲ್ಲಿ. ಜಿಲ್ಲೆಯ ಹೆಸರು ಎರಡು ಸಲ ಬದಲಾಯಿತು. ಅರ್ಜಿಯಲ್ಲಿ ಜಿಲ್ಲೆಯ ಕಾಲಂ ದಾಟಿದ ಮೇಲೆ ಬರುವ ಇನ್ನೊಂದು ಕಾಲಂ ಮಾತ್ರ ಹಾಗೇ ಇದೆ. ಅದು ಕುಟುಂಬದ ವಾರ್ಷಿಕ ಆದಾಯದ ಕಾಲಂ. ನನಗೆ ಹೇಳಬೇಕಿರುವುದು ಅದೊಂದರ ಬಗ್ಗೆ. ಉಳಿದ ಕಾಗದಗಳು ಅಲೆದಾಡಿಸುತ್ತವೆ, ಸುಸ್ತು ಮಾಡುತ್ತವೆ. ಈ ಕಾಲಂ ಹಾಗಲ್ಲ. ಹದಿನೇಳು ವರ್ಷದ ಮಗುವಿನ ಕಣ್ಣೆದುರೇ ಅಪ್ಪನ ಬಾಯಿಂದ ಒಂದು ಮಾತು ಆಡಿಸುತ್ತದೆ.

ಚನ್ನಪಟ್ಟಣ ತಾಲ್ಲೂಕಿನ ಒಂದು ಹೋಬಳಿ ಊರಿನ ಸೈಬರ್ ಸೆಂಟರಿನಲ್ಲಿ ನಾನು ಪಹಣಿಗೆಂದು ಕಾದು ಕೂತಿದ್ದೆ. ಒಬ್ಬ ರೈತ, ಜೊತೆಗೆ ಅವನ ಮಗಳು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಪ್ರತಿಯೊಂದು ಕಾಗದಕ್ಕೂ ಮೂರು ಮೂರು ಜೆರಾಕ್ಸು. ಆದಾಯ ಪತ್ರದ ಅರ್ಜಿ ತುಂಬುತ್ತಿದ್ದ ಹುಡುಗನನ್ನು ಅಪ್ಪ ಕೇಳಿದ:

“ಎಷ್ಟು ಬರೆಸ್ಲಪ್ಪ?”

“ನಿಮ್ದು ಎಷ್ಟಾಯ್ತದೆ ಯಜಮಾನ್ರೆ?”

“ಎಷ್ಟಾಯ್ತದೆ ಅಂತ ಯಾರ್ ಬರದಿಟ್ಟವ್ರೆ? ಎಲ್ರೂ ಎಷ್ಟು ಬರುಸ್ತಾವ್ರೆ?”

“ನಲ್ವತ್ತು ಹಾಕ್ಬುಡ್ಲಾ?”

“ಹಾಕು, ನಲ್ವತ್ತೇ ಹಾಕು.”

ಹುಡುಗಿ ಸಿಇಟಿಗೆ ಓದುತ್ತಿರುವವಳು. ಅರವತ್ತು ಪ್ರಶ್ನೆಗೆ ಎಂಬತ್ತು ನಿಮಿಷ ಎಂದು ಗಡಿಯಾರ ಇಟ್ಟುಕೊಂಡು ಲೆಕ್ಕ ಮಾಡುವ ಅಭ್ಯಾಸ. ತಟ್ಟನೆ ಹೇಳಿಬಿಟ್ಟಳು: “ತಿಂಗ್ಳಿಗೆ ಮೂರು ಸಾವ್ರದ ಮುನ್ನೂರ ಮೂವತ್ಮೂರು ಆಯ್ತದೆ ಅಪ್ಪ.”

“ಆದ್ರೆ ಆಗ್ಲಿ, ಸುಮ್ಕಿರವ್ವ.”

ಅವಳು ಸುಮ್ಮನಾದಳು. ಅರ್ಜಿ ಹೋಯಿತು. ಗ್ರಾಮ ಆಡಳಿತಾಧಿಕಾರಿಯ ವರದಿ, ಆರ್‌ಐ ವರದಿ, ತಹಶೀಲ್ದಾರರ ಸಹಿ ಎಲ್ಲ ಆಗಿ ಪತ್ರ ಬರುವ ಹೊತ್ತಿಗೆ ಆ ನಲವತ್ತು ಸಾವಿರ ಸರ್ಕಾರದ ಮಾತಾಗಿರುತ್ತದೆ. ಒಮ್ಮೆ ಕೊಟ್ಟ ಆದಾಯ ಪತ್ರ ಐದು ವರ್ಷ ನಡೆಯುತ್ತದೆ. ಪಿಯುಸಿ ಮುಗಿದು ನಾಲ್ಕು ವರ್ಷದ ಇಂಜಿನಿಯರಿಂಗೂ ಮುಗಿಯುವವರೆಗೆ ಆ ಮನೆ ತಿಂಗಳಿಗೆ ಮೂರು ಸಾವಿರದ ಮುನ್ನೂರ ಮೂವತ್ಮೂರರಲ್ಲೇ ಬದುಕಬೇಕು.

ಅವನ ಮಾತಿನಲ್ಲಿ ಒಂದಂತೂ ನಿಜ. ಎಷ್ಟಾಗುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಸಂಬಳದವರಿಗೆ ಆದಾಯ ಎಂದರೆ ಒಂದು ಸಂಖ್ಯೆ. ಅವನಂತೆ ರೇಷ್ಮೆ ಹುಳು ಮೇಯಿಸುವವರಿಗೆ ಅದು ಬೆಳೆಯಿಂದ ಬೆಳೆಗೆ ಬೇರೆ. ಚಾಕಿ ತಂದು ಮೂರನೇ ಜ್ವರ, ನಾಲ್ಕನೇ ಜ್ವರ ಎಬ್ಬಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುವವರೆಗೆ ಏನೂ ಖಾತ್ರಿಯಿಲ್ಲ. ಕೊನೆಯ ವಾರದಲ್ಲಿ ಹಾಲುತೊಂಡೆ ಬಂದರೆ ತಟ್ಟೆ ತಟ್ಟೆಯೇ ತಿಪ್ಪೆಗೆ. ಊಜಿ ನೊಣ ಹೊಕ್ಕರೆ ಗೂಡು ತೂತು. ಎಲ್ಲ ಚೆನ್ನಾಗಿ ಬಂದ ದಿನವೇ ಹರಾಜಿನಲ್ಲಿ ರೇಟು ಬಿದ್ದಿರುತ್ತದೆ. ಹೋದ ಸಲದ ಅರ್ಧಕ್ಕೆ ಕೊಟ್ಟು ಬಂದವರು ಎಷ್ಟೋ ಮಂದಿ. ಇದನ್ನೆಲ್ಲ ಒಂದು ವರ್ಷಕ್ಕೆ ಹಾಕಿ ಒಂದು ಅಂಕಿ ಹೇಳು ಎಂದರೆ ಅವನು ಎಲ್ಲಿಂದ ತರಬೇಕು?

ಆದರೂ ಲೆಕ್ಕ ಹಾಕಿ ನೋಡೋಣ. ನೂರು ಮೊಟ್ಟೆಗೆ ಅರವತ್ತರಿಂದ ಎಪ್ಪತ್ತು ಕೆಜಿ ಗೂಡು ಎಂಬುದು ಸಾಧಾರಣ ಇಳುವರಿ. ನೂರೈವತ್ತು ಮೊಟ್ಟೆ ಮೇಯಿಸಿದವನಿಗೆ ನೂರು ಕೆಜಿ ಬಂತು ಅನ್ನಿ, ಕೆಜಿಗೆ ₹500 ಸಿಕ್ಕಿತು ಅನ್ನಿ. ಬೆಳೆಗೆ ಐವತ್ತು ಸಾವಿರ. ವರ್ಷಕ್ಕೆ ಐದು ಬೆಳೆಯೂ ಕೈ ಹಿಡಿದರೆ ಎರಡೂವರೆ ಲಕ್ಷ. ಇದರಲ್ಲಿ ಚಾಕಿಯ ದುಡ್ಡು, ಗೊಬ್ಬರ, ಸೊಪ್ಪು ಕೊಯ್ಯುವ ಕೂಲಿ, ಮನೆಗೆ ಹೊಡೆಯುವ ಔಷಧಿ, ಟೆಂಪೋ ಬಾಡಿಗೆ ಎಲ್ಲ ಹೋಗಬೇಕು. ಐದರಲ್ಲಿ ಒಂದು ಬೆಳೆ ಕೆಟ್ಟರೆ ಅದೂ ಹೋಗಬೇಕು. ಎರಡು ಹಸುವಿನ ಡೇರಿ ಬಟವಾಡೆ ಸೇರಿಸಿದರೂ ಉಳಿಯುವುದು ಎರಡು ಲಕ್ಷದೊಳಗೆ. ಪರಿಶಿಷ್ಟ ಜಾತಿ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಇರುವ ಗೆರೆ ಎರಡೂವರೆ ಲಕ್ಷ. ಅಂದರೆ ನಿಜವನ್ನೇ ಬರೆಸಿದ್ದರೂ ಅವನು ಆ ಗೆರೆಯ ಕೆಳಗೇ ಇರುತ್ತಿದ್ದ! ಕೆಲವು ರಿಯಾಯಿತಿಗಳಿಗೆ ಗೆರೆ ಇನ್ನೂ ಕೆಳಗಿದೆ, ಅದು ಬೇರೆ ಮಾತು. ಆದರೆ ಅವನು ಯಾವ ಗೆರೆಯನ್ನೂ ನೋಡಿ ನಲವತ್ತು ಅನ್ನಲಿಲ್ಲ. ಎಲ್ಲರೂ ಬರೆಸುತ್ತಾರೆ ಎಂದು ಬರೆಸಿದ. ಬೇಕಿಲ್ಲದಿದ್ದರೂ ಆಡಿದ ಸುಳ್ಳು ಅದು. ನನಗೆ ಹೆಚ್ಚು ಕಸಿವಿಸಿಯಾಗುವುದು ಇದೇ ಕಾರಣಕ್ಕೆ.

ಹೊರಗೆ ಬಂದ ಮೇಲೆ ಇದನ್ನು ಅವನಿಗೆ ಹೇಳಿ ನೋಡಿದೆ. ಬೀಡಿ ಹಚ್ಚುತ್ತಾ ಕೇಳಿಸಿಕೊಂಡ. “ಹೈವೇ ಮಗ್ಗುಲಲ್ಲಿ ಹತ್ತೆಕ್ರೆ ಮಡೀಕಂಡವ್ರೇ ಅರ್ವತ್ ಸಾವ್ರ ಬರ್ಸವ್ರೆ. ನಾನ್ಯಾಕೆ ಸಾ ಹರಿಶ್ಚಂದ್ರ ಆಗ್ಲಿ?” ಅಂದ.

ಉತ್ತರ ಸುಲಭವಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಬಿಡದಿಯಿಂದ ಚನ್ನಪಟ್ಟಣದವರೆಗೆ ರಸ್ತೆಯ ಬದಿಯ ನೆಲದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆ ನೆಲ ಆದಾಯ ಪತ್ರದಲ್ಲಿ ಬರುವುದಿಲ್ಲ. ಅದರಲ್ಲಿ ರಾಗಿ ಬೆಳೆದರೆ ರಾಗಿಯ ಆದಾಯ, ಬೀಳು ಬಿಟ್ಟರೆ ಅದೂ ಇಲ್ಲ. ಹತ್ತೆಕರೆಯವರು ಬರೆಸಿದ ಅರವತ್ತು ಸಾವಿರ ಅಕ್ಷರಶಃ ನಿಜವೇ ಇದ್ದರೂ ಇರಬಹುದು. ಸುಳ್ಳೇ ಆಡದೆ ಬಡವರಾಗುವ ಈ ಅನುಕೂಲ ಉಳ್ಳವರಿಗೆ ಮಾತ್ರ ಇದೆ.

ಇದರ ಇನ್ನೊಂದು ತುದಿಯಲ್ಲಿ ಪೇ ಸ್ಲಿಪ್ ಇರುವವರಿದ್ದಾರೆ. ಬೆಳಿಗ್ಗೆ ಕತ್ತಲಿರುವಾಗಲೇ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ವ್ಯಾನಿಗೆ ನಿಲ್ಲುವ ಹೆಂಗಸರನ್ನು ಕನಕಪುರ, ಹಾರೋಹಳ್ಳಿ, ರಾಮನಗರ ಎಲ್ಲ ಕಡೆಯೂ ನೋಡಬಹುದು. ತಾಯಿಗೆ ತಿಂಗಳಿಗೆ ಹದಿಮೂರು ಸಾವಿರ, ತಂದೆಗೆ ಬಿಡದಿಯ ಯಾವುದೋ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಹದಿನೈದು ಸಾವಿರ. ಕೂಡಿಸಿ ಹನ್ನೆರಡರಿಂದ ಗುಣಿಸಿದರೆ ಮೂರು ಲಕ್ಷದ ಮೂವತ್ತಾರು ಸಾವಿರ. ಪಿಎಫ್ ಕಟ್ಟಿಸಿಕೊಂಡು, ಬ್ಯಾಂಕಿನಲ್ಲೇ ಸಂಬಳ ಪಡೆಯುವ ಈ ಇಬ್ಬರೂ ಒಂದು ರೂಪಾಯಿಯನ್ನೂ ಬಚ್ಚಿಡಲಾರರು. ಬಾಡಿಗೆ ಮನೆ, ತುಂಡು ಜಮೀನೂ ಇಲ್ಲ. ಎರಡೂವರೆ ಲಕ್ಷದ ಗೆರೆಯನ್ನು ಇವರು ದಾಟಿಬಿಟ್ಟರು. ಇವರ ಮಗಳಿಗೆ ಉಳಿಯುವ ದಾರಿ ಬೇರೆ. ಪಿಯುಸಿಯಲ್ಲಿ ಮೇಲಿನ ಇಪ್ಪತ್ತು ಶೇಕಡಾದೊಳಗೆ ಬಂದರೆ ಕೇಂದ್ರದ ವಿದ್ಯಾರ್ಥಿವೇತನವೊಂದಕ್ಕೆ ಹಾಕಬಹುದು. ಅದರ ಗೆರೆ ನಾಲ್ಕೂವರೆ ಲಕ್ಷ, ಪದವಿಗೆ ವರ್ಷಕ್ಕೆ ₹12,000. ಇದನ್ನು ಹೇಳುವವರು ಬೇಕು. ಎಷ್ಟು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಅದು ಇದೆಯೋ ಕಾಣೆ, ಹುಡುಗಿಯರ ಬಾಯಲ್ಲಂತೂ ನಾನು ಕೇಳಿದ್ದು ಕಡಿಮೆ.

ಆದಾಯದ ಗೆರೆ ನಮ್ಮಲ್ಲಿ ಇಂದಿನದಲ್ಲ. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೈಸೂರು ಸರ್ಕಾರದ ಮೀಸಲಾತಿ ಆದೇಶವನ್ನು ತಳ್ಳಿಹಾಕಿದ ಮೇಲೆ, 1963ರ ಜುಲೈನಲ್ಲಿ ಸರ್ಕಾರ ಹೊಸ ಆದೇಶ ಹೊರಡಿಸಿತು. ಜಾತಿಯ ಹೆಸರಿಲ್ಲದ ಆದೇಶ ಅದು. ವರ್ಷಕ್ಕೆ ₹1,200 ಅಥವಾ ಅದಕ್ಕಿಂತ ಕಡಿಮೆ ಆದಾಯವಿರುವ, ಬೇಸಾಯ, ಕಸುಬು, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ ಅಥವಾ ಮೈಮುರಿದು ಮಾಡುವ ಕೆಲಸದ ಮನೆಯವರು ಹಿಂದುಳಿದವರು ಎಂದಿತು. ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ನೂರಕ್ಕೆ ಮೂವತ್ತು ಅವರಿಗೆ. ಚಿತ್ರಲೇಖಾ ಮೊಕದ್ದಮೆಯಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟು ಇದನ್ನು ಒಪ್ಪಿಕೊಂಡಿತು. ಓದಲು ಎಷ್ಟು ಚೊಕ್ಕವಾಗಿದೆ. ಆದರೆ ತಿಂಗಳಿಗೆ ನೂರು ರೂಪಾಯಿಯ ಆ ಗೆರೆಯ ಕೆಳಗೆ ಎಷ್ಟು ಜಮೀನ್ದಾರರ ಮನೆಗಳು ಬಗ್ಗಿ ನುಸುಳಿದವೋ ಊಹಿಸುವುದು ಕಷ್ಟವಲ್ಲ. ಅಪ್ಪ ಯಾರು ಎಂಬುದನ್ನು ಊರೇ ಹೇಳುತ್ತದೆ. ಅಪ್ಪನಿಗೆ ಎಷ್ಟು ಬರುತ್ತದೆ ಎಂಬುದನ್ನು ಅಪ್ಪನೇ ಹೇಳಬೇಕು. ಅರವತ್ತು ವರ್ಷವಾದರೂ ಸರ್ಕಾರಕ್ಕೆ ಈ ತೊಡಕು ಬಿಡಿಸಲು ಆಗಿಲ್ಲ.

ಇಂಥ ಸುಳ್ಳಿನಿಂದ ಯಾರಿಗೇನು ನಷ್ಟ, ಸರ್ಕಾರದ ದುಡ್ಡು ತಾನೇ ಎನ್ನುವವರುಂಟು. ಅವರಿಗೆ ಸೂಪರ್‌ನ್ಯೂಮರರಿ ಸೀಟಿನ ಲೆಕ್ಕ ತೋರಿಸಬೇಕು. ಹುಡುಗರು ಎಸ್‌ಎನ್‌ಕ್ಯೂ ಎನ್ನುವುದು ಇದನ್ನೇ. ಮಂಜೂರಾದ ಸೀಟಿನ ಮೇಲೆ ಶೇ. 5ರಷ್ಟು ಹೆಚ್ಚುವರಿ, ಬೋಧನಾ ಶುಲ್ಕವಿಲ್ಲ, ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು. ಅರವತ್ತು ಸೀಟಿನ ಬ್ರಾಂಚಿಗೆ ಬರುವುದು ಮೂರು. ಈ ಮೂರಕ್ಕೆ ರ್‍ಯಾಂಕಿನ ಮೇಲೆ ಹಂಚಿಕೆ. ಎಂಟು ಲಕ್ಷ ದಾಟಿದ ಅಂಗಡಿಕಾರನೊಬ್ಬ ಆರು ಎಂದು ಬರೆಸಿ, ಮಗನನ್ನು ಬೆಂಗಳೂರಿನ ಕೋಚಿಂಗಿಗೆ ಹಾಕಿ ರ್‍ಯಾಂಕ್ ತೆಗೆಸಿದರೆ ಆ ಮೂರರಲ್ಲಿ ಒಂದು ಹೋಯಿತು. ಹೋದದ್ದು ಸರ್ಕಾರದ ಬೊಕ್ಕಸದಿಂದಲ್ಲ, ಕೆಳಗಿನ ರ್‍ಯಾಂಕಿನಲ್ಲಿ ಕಾಯುತ್ತಿದ್ದ ಇನ್ಯಾರದೋ ಮಗುವಿನ ಕೈಯಿಂದ. ಸೈಬರ್ ಸೆಂಟರಿನಲ್ಲಿ ನಲವತ್ತು ಬರೆಸಿದವನಿಗೂ ಇವನಿಗೂ ಒಂದೇ ತಕ್ಕಡಿ ಹಿಡಿಯಲು ನನ್ನಿಂದ ಆಗದು. ಒಬ್ಬನದು ಹೆದರಿಕೆ, ಇನ್ನೊಬ್ಬನದು ಲೆಕ್ಕಾಚಾರ. ಆದರೆ ಇವನು ಆರು ಬರೆಸಿದಾಗ ಯಾರೂ ಹುಬ್ಬೇರಿಸುವುದಿಲ್ಲ. ಊರಿಗೆ ಊರೇ ಸಣ್ಣ ಅಂಕಿ ಬರೆಸುವಾಗ ಅವನದೂ ಅದರಲ್ಲಿ ಒಂದಾಗಿ ಹೋಗುತ್ತದೆ. ನಲವತ್ತು ಬರೆಸಿದವನು ತನಗೇ ಗೊತ್ತಿಲ್ಲದೆ ಅವನಿಗೆ ಮರೆ ಕೊಟ್ಟಿರುತ್ತಾನೆ.

ಆದಾಯದ ಕಾಲಂ ಇಲ್ಲದ ಜಾಗವೂ ಇದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಮಗುವೊಂದು ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಆ ಮಠದಲ್ಲಿ ಊಟ, ವಸತಿ, ಓದು. ಪಂಕ್ತಿಯಲ್ಲಿ ಕೂತ ಹುಡುಗನ ಅಪ್ಪನಿಗೆ ವರ್ಷಕ್ಕೆ ಎಷ್ಟು ಎಂದು ಕೇಳುವ ವಾಡಿಕೆ ಅಲ್ಲಿಲ್ಲ. ಹಾಗೆಂದು ಎಲ್ಲವನ್ನೂ ಮಠಗಳಿಗೇ ಬಿಟ್ಟುಬಿಡಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಸ್ವಾಮಿಗಳು ಮಕ್ಕಳ ನಡುವೆಯೇ ಬದುಕಿದವರು. ಸರ್ಕಾರ ಹಾಗೆ ಪ್ರತಿ ಮಗುವಿನ ಎದುರು ಕೂರಲಾರದು, ಅದಕ್ಕೆ ಕಾಗದವೇ ಕಣ್ಣು. ಮಠದ ಬಾಗಿಲಲ್ಲಿ ಸಿಗುವುದು ಕೃಪೆ. ಕಾಗದದ ಮೇಲೆ ಸಿಗುವುದು ಹಕ್ಕು, ಕೊಡದಿದ್ದರೆ ಪ್ರಶ್ನಿಸಬಹುದು. ಹಕ್ಕು ಬೇಕೆನ್ನುವವರು ಕಾಗದದ ಮೇಲಿನ ಮಾತನ್ನು ಹಗುರ ಮಾಡಿಕೊಂಡರೆ ಸರ್ಕಾರ ಮಾಡುವುದು ಒಂದೇ, ಇನ್ನೂ ನಾಲ್ಕು ಕಾಗದ ಕೇಳುವುದು. ಆ ನಾಲ್ಕು ಕಾಗದ ತರಲಾಗದೆ ಹಿಂದೆ ಬೀಳುವುದು ಹತ್ತೆಕರೆಯವನ ಮಗನಲ್ಲ.

ಗೆರೆಯನ್ನೇ ಬೇರೆ ಕಡೆ ಎಳೆದ ಪ್ರಯತ್ನಗಳೂ ಇವೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಮೊದಲು ಕೇಳಿದ್ದು ಜಮೀನಿನ ದಾಖಲೆಯನ್ನು. ಆಗ ಪಹಣಿ ಇದ್ದವನ ಮಗನಿಗೆ ಸಿಕ್ಕಿತು, ಅವನ ಹೊಲದಲ್ಲಿ ಕಳೆ ಕೀಳುವವಳ ಮಗನಿಗೆ ಸಿಗಲಿಲ್ಲ. ಆಮೇಲೆ ಕೃಷಿ ಕೂಲಿಕಾರರ ಮಕ್ಕಳಿಗೂ ವಿಸ್ತರಿಸಿದರು. ಕರ್ನಾಟಕದ ಹುಡುಗಿಯರಿಗೆ 2025-26ರಲ್ಲಿ ತೆರೆದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನದ್ದು ಇನ್ನೊಂದು ಬಗೆ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಮುಗಿಸಿ ಪದವಿಗೋ ಡಿಪ್ಲೊಮಾಗೋ ಸೇರಿದ ಹುಡುಗಿಗೆ ವರ್ಷಕ್ಕೆ ₹30,000. ಎಲ್ಲಿ ಓದಿದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಹುಡುಗಿ ತನ್ನ ಬಗ್ಗೆ ತಾನೇ ಉತ್ತರ ಕೊಡಬಹುದಾದ ಪ್ರಶ್ನೆ ಅದು, ತಲೆ ಎತ್ತಿ ಹೇಳಬಹುದಾದ ಉತ್ತರ. ಉಳ್ಳವರು ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಎಂದೋ ಬಿಡಿಸಿಕೊಂಡು ಹೋಗಿರುವುದರಿಂದ ಆ ಗೆರೆಗೆ ಸೋರಿಕೆಯೂ ಕಡಿಮೆ. ಸರ್ಕಾರಿ ಶಾಲೆಗಳ ದುಃಸ್ಥಿತಿಯಿಂದಲೇ ಈ ಅಳತೆ ಸರಿ ಬರುತ್ತಿದೆ ಎಂಬುದು ಸಂತೋಷದ ಸಂಗತಿಯಲ್ಲ, ಆದರೆ ಸರಿ ಬರುತ್ತಿದೆ.

ಈ ಚಳಿಗಾಲದಲ್ಲಿ ಪಿಯುಸಿ ಮಕ್ಕಳ ಅಪ್ಪಂದಿರಿಗೆ ನಾನು ಕೊಡುವ ಸಲಹೆ ತೀರ ಸಾಮಾನ್ಯದ್ದು. ಮಾರುಕಟ್ಟೆಯ ಬಿಲ್ಲು, ಡೇರಿ ಪುಸ್ತಕ, ಗೊಬ್ಬರದಂಗಡಿಯ ಚೀಟಿ ಎಲ್ಲ ಹರಡಿಕೊಂಡು ಒಂದು ಸಂಜೆ ಮಗುವನ್ನೇ ಲೆಕ್ಕ ಹಾಕಲು ಕೂರಿಸಿ. ಮನೆಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ನಮ್ಮ ಕಡೆ ಮಕ್ಕಳಿಂದ ಸಾಲ ಮುಚ್ಚಿಡುವುದು ಒಂದು ಮರ್ಯಾದೆ. ಅದೂ ಅವತ್ತು ಹೊರಗೆ ಬರುತ್ತದೆ, ಬರಲಿ. ಇಂಜಿನಿಯರಿಂಗೋ ಬಿಎಸ್ಸಿಯೋ, ಬೆಂಗಳೂರಿನ ಹಾಸ್ಟೆಲೋ ರಾಮನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಮನೆಯಿಂದಲೇ ಬಸ್ಸೋ ಎಂಬುದನ್ನು ಆಪ್ಷನ್ ಎಂಟ್ರಿಯ ರಾತ್ರಿ ಅವಸರದಲ್ಲಿ ಒತ್ತುವುದಕ್ಕಿಂತ, ಆ ನೋಟ್‌ಬುಕ್ ಮುಂದಿಟ್ಟುಕೊಂಡು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಹಿಂದುಳಿದ ವರ್ಗದ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳ ಮಟ್ಟಿಗೆ ಸಿಗುವ ದುಡ್ಡನ್ನೂ ಆ ಲೆಕ್ಕಕ್ಕೆ ಸೇರಿಸಬಹುದು. ಮೊದಲ ಕಂತಿನ ಫೀಸಿಗೆ ಮಾತ್ರ ಅದನ್ನು ನಂಬಬೇಡಿ, ವಿದ್ಯಾರ್ಥಿವೇತನ ಕಾಲೇಜು ಶುರುವಾಗುವ ದಿನಕ್ಕೇ ಬಂದು ನಿಲ್ಲುವುದಿಲ್ಲ.

ಗೆರೆ ದಾಟಿದವರ ಗತಿಯೇನು ಎಂದು ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಮಾಗಡಿ ಕಡೆಯ ಹುಡುಗನೊಬ್ಬ ಒಂದು ಟ್ರಸ್ಟಿಗೆ ಬರೆದ ಪತ್ರವನ್ನು ಅವನ ಮೇಷ್ಟ್ರು ನನಗೆ ತೋರಿಸಿದ್ದರು. ಕುಟುಂಬದ ಪರಿಸ್ಥಿತಿ ವಿವರಿಸಿ ಎಂದು ಫಾರಂನಲ್ಲಿ ಅರ್ಧ ಪುಟ ಖಾಲಿ ಬಿಟ್ಟಿತ್ತು. ಇಂಥಲ್ಲಿ ಮಕ್ಕಳು ಸಾಮಾನ್ಯವಾಗಿ ಮನೆ ಸೋರಿಸುತ್ತಾರೆ, ಅಜ್ಜಿಯನ್ನು ಹಾಸಿಗೆ ಹಿಡಿಸುತ್ತಾರೆ. ಬೇರೆಯವರ ಪತ್ರ ನೋಡಿ ಬರೆದದ್ದು ಎಂದು ಗೊತ್ತಾಗಿಬಿಡುತ್ತದೆ. ಇವನು ಐದೇ ಸಾಲು ಬರೆದಿದ್ದ. ತಂದೆ ಗ್ರಾನೈಟ್ ಲಾರಿ ಓಡಿಸುತ್ತಾರೆ, ತಾಯಿ ಹೊಲಿಗೆ ಹಾಕುತ್ತಾರೆ, ನಮಗೆ ಊಟ ಬಟ್ಟೆಗೆ ತೊಂದರೆ ಇಲ್ಲ, ತಂಗಿಯೂ ಪಿಯುಸಿಗೆ ಬಂದಿರುವುದರಿಂದ ಇಬ್ಬರ ಫೀಸು ಒಟ್ಟಿಗೆ ಕಟ್ಟಲು ಆಗುತ್ತಿಲ್ಲ, ಅರ್ಧ ಕೊಟ್ಟರೂ ಸಾಕು. “ತೊಂದರೆ ಇಲ್ಲ ಅಂತ ಯಾಕೋ ಬರೆದೆ, ಅದೊಂದು ಸಾಲು ತೆಗಿ” ಎಂದು ಮೇಷ್ಟ್ರು ಹೇಳಿದರಂತೆ. “ಇಲ್ಲ ಸಾರ್, ನಮ್ಮಮ್ಮ ಓದ್ತಾರೆ” ಅಂದನಂತೆ. ಟ್ರಸ್ಟಿನವರು ಅರ್ಧವೇ ಕೊಟ್ಟರು. ಉಳಿದ ಅರ್ಧಕ್ಕೆ ಬ್ಯಾಂಕಿನ ಶಿಕ್ಷಣ ಸಾಲ. ನಾಲ್ಕು ಲಕ್ಷದವರೆಗೆ ಜಾಮೀನು ಆಸ್ತಿ ಕೇಳುವಂತಿಲ್ಲ ಎಂಬ ನಿಯಮ ಮೇಷ್ಟ್ರಿಗೆ ಗೊತ್ತಿತ್ತು. ಆ ನಿಯಮವನ್ನು ಜೆರಾಕ್ಸ್ ಮಾಡಿಸಿಕೊಂಡು, ಹುಡುಗನ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಹೋದರು.